ಮೇಳಕ್ಕೆ 15 ದಿನ ಮೊದಲೇ ಹುದ್ದೆಗಳ ಪಟ್ಟಿ ಕೊಡಿ: ಕೌಶಲ್ಯಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಸಚಿವರಿಗೆ,

ಸವಿನಯ ನಮಸ್ಕಾರಗಳು.

ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಅನುದಾನಿತ ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತಾ, ಅಲ್ಲಿನ ಉದ್ಯೋಗ ಮಾರ್ಗದರ್ಶನ ಘಟಕವನ್ನೂ ನೋಡಿಕೊಳ್ಳುತ್ತಿರುವ ನಾನು, ಒಂದೇ ಒಂದು ಕೋರಿಕೆಯೊಂದಿಗೆ ತಮಗೆ ಈ ಪತ್ರ ಬರೆಯುತ್ತಿದ್ದೇನೆ. ಸರ್ಕಾರ ಏರ್ಪಡಿಸುವ ಯಾವುದೇ ಉದ್ಯೋಗ ಮೇಳಕ್ಕೆ ಕನಿಷ್ಠ 15 ದಿನ ಮೊದಲು, ಬರಲಿರುವ ಪ್ರತಿ ಕಂಪನಿಯ ಹುದ್ದೆ, ಕೆಲಸದ ಸ್ಥಳ, ಪಾಳಿ, ಬೇಕಾದ ವಿದ್ಯಾರ್ಹತೆ ಮತ್ತು ಕೈಗೆ ಸಿಗುವ ಸಂಬಳದ ವಿವರವನ್ನು ಕನ್ನಡದಲ್ಲಿ ಪ್ರಕಟಿಸಬೇಕು.

ಮೇಳಗಳ ಬಗ್ಗೆ ನನಗೆ ಅನಾದರವಿಲ್ಲ. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಯುವ ಸಮೃದ್ಧಿ ಸಮ್ಮೇಳನ ಎಂಬ ರಾಜ್ಯಮಟ್ಟದ ಉದ್ಯೋಗ ಮೇಳ ನಡೆದಾಗ ನಮ್ಮ ಊರಿನ ಹುಡುಗರಲ್ಲೂ ಉತ್ಸಾಹ ಮೂಡಿತ್ತು. ಕ್ಯಾಂಪಸ್ ಸಂದರ್ಶನಕ್ಕೆಂದು ಯಾವ ಕಂಪನಿಯೂ ಕಾಲಿಡದ ನಮ್ಮಂಥ ಕಾಲೇಜುಗಳ ಮಕ್ಕಳಿಗೆ, ಕೆಲಸ ಕೊಡುವವರನ್ನು ಎದುರಾಎದುರು ಕಾಣಲು ಮೇಳ ಬಿಟ್ಟರೆ ಬೇರೆ ದಾರಿ ಇಲ್ಲವೆಂದೇ ಹೇಳಬೇಕು. ಆ ಒಂದು ದಿನ ವ್ಯರ್ಥವಾಗಬಾರದೆಂಬುದೇ ನನ್ನ ಕಾಳಜಿ.

ಮೇಳದ ಬೆಳಿಗ್ಗೆ ಹೇಗಿರುತ್ತದೆ ಎಂಬುದನ್ನು ವೇದಿಕೆಯ ಮೇಲಿಂದ ನೋಡುವುದಕ್ಕೂ ಸಾಲಿನಲ್ಲಿ ನಿಂತು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟ ಹುಡುಗ ಮೈದಾನ ತಲುಪುವಾಗ ನೋಂದಣಿಯ ಸಾಲು ಗೇಟಿನಾಚೆಗೆ ಬೆಳೆದಿರುತ್ತದೆ. (ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗಾದರೂ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ಅದಕ್ಕೆ ಸರ್ಕಾರವನ್ನು ಅಭಿನಂದಿಸುತ್ತೇನೆ.) ಒಳಗೆ ಹೋದ ಮೇಲೆ ಕಾಣುವುದು ಕಂಪನಿಗಳ ಹೆಸರಿನ ಬ್ಯಾನರ್‌ಗಳೇ ಹೊರತು, ಯಾವ ಮಳಿಗೆಯಲ್ಲಿ ಯಾವ ಕೆಲಸವಿದೆ ಎಂಬುದಲ್ಲ. ಹೀಗಾಗಿ ಎಲ್ಲಿ ಜನ ಹೆಚ್ಚಿದ್ದಾರೋ ಅಲ್ಲಿಗೇ ಅವನೂ ಹೋಗಿ ನಿಲ್ಲುತ್ತಾನೆ. ಒಂದು ಮೇಳದಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತು ಮೇಜಿನ ಬಳಿಗೆ ಬಂದಾಗ, ಅಲ್ಲಿ ಬೇಕಾಗಿದ್ದುದು ಐ.ಟಿ.ಐ. ಫಿಟ್ಟರ್‌ಗಳು ಮಾತ್ರ ಎಂದು ತಿಳಿಯಿತು. ಅವಳು ಬಿ.ಕಾಂ. ಮುಗಿಸಿದವಳು, ಟ್ಯಾಲಿಯಲ್ಲಿ ಲೆಕ್ಕ ಬರೆಯಬಲ್ಲಳು, ಜಿ.ಎಸ್‌.ಟಿ. ರಿಟರ್ನ್ ತುಂಬಬಲ್ಲಳು. ಅಕೌಂಟ್ಸ್ ಸಹಾಯಕರನ್ನು ಹುಡುಕುತ್ತಿದ್ದ ಕಂಪನಿ ಅದೇ ಮೈದಾನದ ಇನ್ನೊಂದು ತುದಿಯಲ್ಲಿತ್ತು. ಅವಳು ಅಲ್ಲಿಗೆ ಓಡಿಹೋಗುವಷ್ಟರಲ್ಲಿ ಅವರು ಅರ್ಜಿಗಳ ಕಟ್ಟನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ಒಬ್ಬರ ಅಗತ್ಯ ಇನ್ನೊಬ್ಬರಿಗಿತ್ತು. ಇಬ್ಬರೂ ಬರಿಗೈಯಲ್ಲಿ ಮರಳಿದರು.

ಮೇಳಕ್ಕೆ ಬರುವ ಮಕ್ಕಳಿಗೆ ಸಿದ್ಧತೆ ಸಾಲದು ಎಂದು ಕಂಪನಿಯವರು ದೂರುತ್ತಾರೆ. ಆ ಮಾತು ಸುಳ್ಳಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಒಂದೇ ಮಾದರಿಯಿಂದ ತೆಗೆದ ಬಯೋಡೇಟಾಗಳು, ಅರ್ಥ ತಿಳಿಯದೆ ಬಾಯಿಪಾಠ ಮಾಡಿದ ನಾಲ್ಕು ಇಂಗ್ಲಿಷ್ ವಾಕ್ಯಗಳು, ನಿಮಗೆ ಯಾವ ಕೆಲಸ ಬೇಕು ಎಂದರೆ ಯಾವುದಾದರೂ ಸರಿ ಸಾರ್ ಎಂಬ ಉತ್ತರ, ಇವೆಲ್ಲ ನಾನು ಕಂಡದ್ದೇ. ಆದರೆ ಯಾವ ಕೆಲಸವಿದೆ ಎಂದೇ ತಿಳಿಯದವರು ಯಾವುದಕ್ಕೆಂದು ಸಿದ್ಧರಾಗಬೇಕು? ಮೊದಲೇ ಪಟ್ಟಿ ಕೈಗೆ ಬಂದರೆ ನಮ್ಮ ಕೆಲಸವೇ ಬದಲಾಗುತ್ತದೆ. ತುಮಕೂರಿನ ವಸಂತನರಸಾಪುರದ ಕಾರ್ಖಾನೆಗೆ ಗುಣಮಟ್ಟ ಪರೀಕ್ಷಕರು ಬೇಕೆಂದು ಗೊತ್ತಾದರೆ, ಡಿಪ್ಲೊಮಾ ಮತ್ತು ಐ.ಟಿ.ಐ. ಮುಗಿಸಿದವರನ್ನು ಕೂರಿಸಿಕೊಂಡು ವರ್ನಿಯರ್ ಕ್ಯಾಲಿಪರ್‌ನ ಅಳತೆ ಓದುವುದನ್ನು, ಡ್ರಾಯಿಂಗ್ ನೋಡಿ ಅಳತೆ ಹೇಳುವುದನ್ನು ಮತ್ತೆ ಅಭ್ಯಾಸ ಮಾಡಿಸಬಹುದು. ಗ್ರಾಹಕ ಸೇವೆಗೆ ಕನ್ನಡದಲ್ಲಿ ಮಾತನಾಡುವವರು ಬೇಕೆಂದಾದರೆ, ಇಂಗ್ಲಿಷ್ ಬಾರದೆಂದು ಹಿಂಜರಿಯುವ ಬಿ.ಎ. ಹುಡುಗಿಗೆ ಆ ಕೆಲಸ ಅವಳದೇ ಎಂದು ಧೈರ್ಯ ಹೇಳಿ, ಸಿಟ್ಟಾದ ಗ್ರಾಹಕನನ್ನು ಸಮಾಧಾನಪಡಿಸುವುದು ಹೇಗೆಂದು ತರಗತಿಯಲ್ಲೇ ಮಾತನಾಡಿಸಿ ನೋಡಬಹುದು. ಪ್ರತಿಯೊಬ್ಬರೂ ತಮಗೆ ಹೊಂದುವ ಮೂರು ನಾಲ್ಕು ಮಳಿಗೆಗಳನ್ನು ಗುರುತು ಹಾಕಿಕೊಂಡು, ಆಯಾ ಕೆಲಸಕ್ಕೆ ತಕ್ಕಂತೆ ಒಂದು ಪುಟದ ಬಯೋಡೇಟಾ ಬರೆದುಕೊಂಡು, ಅಂಕಪಟ್ಟಿಯ ಪ್ರತಿಗಳೊಂದಿಗೆ ನೇರವಾಗಿ ಅಲ್ಲಿಗೇ ಹೋಗಬಹುದು.

ಸಂಬಳದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಮೇಳದಲ್ಲಿ ಕೆಲಸ ಸಿಕ್ಕಿದವರು ಬೇಗನೆ ಊರಿಗೆ ಮರಳುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಮಳಿಗೆಯ ಫಲಕದಲ್ಲಿ ತಿಂಗಳಿಗೆ 18,000 ರೂಪಾಯಿ ಎಂದಿರುತ್ತದೆ. ಅದು ಕಂಪನಿಗೆ ತಗಲುವ ಒಟ್ಟು ವೆಚ್ಚವೆಂದೂ, ಭವಿಷ್ಯನಿಧಿ (ಪಿ.ಎಫ್.) ಮತ್ತು ನೌಕರರ ವಿಮೆಯಾದ ಇ.ಎಸ್‌.ಐ.ಗೆ ಕಂಪನಿ ಕಟ್ಟುವ ಪಾಲೂ ಅದರೊಳಗೇ ಸೇರಿದೆಯೆಂದೂ ಯಾರೂ ಹೇಳುವುದಿಲ್ಲ. ಆ ಪಾಲನ್ನು ತೆಗೆದು, ನೌಕರನ ಪಾಲಿನ ಭವಿಷ್ಯನಿಧಿ ಶೇ 12 ಮತ್ತು ಇ.ಎಸ್‌.ಐ. ಶೇ 0.75ನ್ನೂ ಕಳೆದರೆ, ಸಂಬಳದ ಹೆಚ್ಚಿನ ಭಾಗ ಮೂಲವೇತನವೇ ಆಗಿರುವಲ್ಲಿ ಕೈಗೆ ಬರುವುದು 14,000ಕ್ಕಿಂತ ತುಸು ಕಡಿಮೆ. ಭವಿಷ್ಯನಿಧಿ ನೌಕರನದೇ ಹಣ, ಇ.ಎಸ್‌.ಐ. ಕಾಯಿಲೆ ಬಿದ್ದಾಗ ಆಸರೆ; ಅವು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ 200 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಪಿ.ಜಿ. ಬಾಡಿಗೆ, ಊಟ, ಓಡಾಟದ ಖರ್ಚು ಕಳೆದು ಮನೆಗೆ ಎಷ್ಟು ಕಳಿಸಬಹುದೆಂದು ಲೆಕ್ಕ ಹಾಕುವ ಕುಟುಂಬಕ್ಕೆ ನಿಜವಾದ ಅಂಕಿ ಮೊದಲೇ ತಿಳಿಯಬೇಕು. ಮೊದಲ ಸಂಬಳದ ದಿನ ತಿಳಿದರೆ ಮೋಸವಾಯಿತೆಂದೇ ಅನ್ನಿಸುತ್ತದೆ.

ಅಪ್ರೆಂಟಿಸ್ ತರಬೇತಿಯನ್ನು ಉದ್ಯೋಗವೆಂದು ತೋರಿಸುವುದೂ ನಿಲ್ಲಬೇಕು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನೇ ಹೊರತು ನೌಕರನಲ್ಲ. ಅವನಿಗೆ ಸಿಗುವುದು ಶಿಷ್ಯವೇತನ, ಒಪ್ಪಂದದಲ್ಲಿ ಬರೆಯದ ಹೊರತು ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಕಂಪನಿಗಿಲ್ಲ. ಕಲಿಯಬಯಸುವವರಿಗೆ ಅದು ಒಳ್ಳೆಯ ಅವಕಾಶವೇ, ಆದರೆ ಪಟ್ಟಿಯಲ್ಲಿ ಅದನ್ನು ಬೇರೆಯಾಗಿಯೇ ನಮೂದಿಸಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಪಾಳಿ ಯಾವುದು, ರಾತ್ರಿ ವಾಹನವಿದೆಯೇ, ಹಾಸ್ಟೆಲ್ ಎಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಆಫರ್ ಲೆಟರ್ ಮನೆಯ ಹೊಸ್ತಿಲು ದಾಟುವುದಿಲ್ಲ. ತಂದೆತಾಯಿಯೊಂದಿಗೆ ಮಾತನಾಡಿ ಒಪ್ಪಿಸಲು ನಮಗೂ ಆ 15 ದಿನ ಬೇಕು.

ನಾನು ಕೇಳುತ್ತಿರುವುದು ಹೊಸದೇನಲ್ಲ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸಬೇಕೆಂದು ಸಂಸತ್ತು 1959ರಲ್ಲೇ ಕಾಯ್ದೆ ಮಾಡಿತು. 25 ಅಥವಾ ಹೆಚ್ಚು ಮಂದಿ ದುಡಿಯುವ ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯಿಸುತ್ತಿತ್ತು. ಅದರಡಿ 1960ರಲ್ಲಿ ಬಂದ ನಿಯಮಗಳು ಹುದ್ದೆಯ ಸ್ವರೂಪ, ವಿದ್ಯಾರ್ಹತೆ, ವೇತನ, ಕೆಲಸದ ಸ್ಥಳ ಇಷ್ಟನ್ನೂ ಸಂದರ್ಶನಕ್ಕೆ ಕನಿಷ್ಠ 15 ದಿನ ಮೊದಲು ತಿಳಿಸಬೇಕೆಂದು ಹೇಳಿದ್ದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ವಿಷಯಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಕಂಪನಿಗಳು ಮೇಳಕ್ಕೆ ಬರುವುದು ಸ್ವಇಚ್ಛೆಯಿಂದ, ಹೆಚ್ಚು ಕೇಳಿದರೆ ಬರುವುದೇ ಇಲ್ಲ ಎಂದು ಅಧಿಕಾರಿಗಳು ಹೇಳಬಹುದು. ಹುದ್ದೆ ನಿಜವಾಗಿ ಖಾಲಿ ಇರುವ ಕಂಪನಿಗೆ ಒಂದು ಪುಟದ ನಮೂನೆ ತುಂಬುವುದು ಹೊರೆಯಾಗದು. ಹೊರೆಯಾಗುವುದು ಹೆಸರಿಗೆ ಮಾತ್ರ ಬರುವವರಿಗೆ, ಅವರು ಬಾರದಿದ್ದರೆ ನಷ್ಟವಿಲ್ಲ.

ಪಟ್ಟಿಯನ್ನು ತಲುಪಿಸುವ ವ್ಯವಸ್ಥೆಯೂ ತಮ್ಮಲ್ಲೇ ಇದೆ. ಕೆಲಸ ಹುಡುಕುವವರಿಗಾಗಿ ಸರ್ಕಾರ ನಡೆಸುವ ಸ್ಕಿಲ್ ಕನೆಕ್ಟ್ ಪೋರ್ಟಲ್ ಇದೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ ಕೊಡುವ ಯುವನಿಧಿ ಯೋಜನೆಯ ಫಲಾನುಭವಿಗಳ ಮೊಬೈಲ್ ಸಂಖ್ಯೆಗಳು ಸರ್ಕಾರದ ಬಳಿ ಇವೆ. ಅವರವರ ವಿದ್ಯಾರ್ಹತೆಗೆ ಹೊಂದುವ ಹುದ್ದೆಗಳನ್ನಷ್ಟೇ ಆರಿಸಿ ಸಂದೇಶ ಕಳಿಸಿದರೂ ಮೈದಾನದ ಅರ್ಧ ಗೊಂದಲ ತಪ್ಪುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮುದ್ರಿತ ಪ್ರತಿಯನ್ನು ಅಂಟಿಸಿದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ ಎಣಿಕೆಯ ವಿಷಯ. ಸಂಜೆಯ ಪತ್ರಿಕಾ ಪ್ರಕಟಣೆಯಲ್ಲಿ ಆಯ್ಕೆಯಾದವರೆಂದು ಹೇಳುವ ಸಂಖ್ಯೆಯಲ್ಲಿ, ಮುಂದಿನ ಸುತ್ತಿಗೆ ಕರೆಯುತ್ತೇವೆ ಎಂದು ಹೇಳಿಸಿಕೊಂಡು ಹೋದವರೂ ಸೇರುವುದುಂಟು. ಆ ಸಂಖ್ಯೆಯ ಜೊತೆಗೆ, ಮೂರು ತಿಂಗಳ ನಂತರ ಕೆಲಸದಲ್ಲಿ ಉಳಿದವರೆಷ್ಟು, ಬಿಟ್ಟವರು ಏಕೆ ಬಿಟ್ಟರು ಎಂಬುದನ್ನೂ ಜಿಲ್ಲೆವಾರು ಪ್ರಕಟಿಸಲು ಆದೇಶಿಸಬೇಕೆಂದು ಕೋರುತ್ತೇನೆ. ನಮ್ಮ ಜಿಲ್ಲೆಯ ಮುಂದಿನ ಮೇಳಕ್ಕೆ ಪಟ್ಟಿ ಮುಂಚಿತವಾಗಿ ಬಂದರೆ, ಅದನ್ನು ಪ್ರತಿ ಅಂತಿಮ ವರ್ಷದ ತರಗತಿಯಲ್ಲಿ ಓದಿ ಹೇಳುವ, ಅಣಕು ಸಂದರ್ಶನ ನಡೆಸುವ, ಆಯ್ಕೆಯಾದವರಿಗೆ ಮೂರು ತಿಂಗಳ ನಂತರ ಕರೆ ಮಾಡಿ ವಿವರ ಪಡೆದು ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಯವರಿಗೆ ಒಪ್ಪಿಸುವ ಕೆಲಸವನ್ನು ನಮ್ಮ ಘಟಕ ಸಂತೋಷದಿಂದ ವಹಿಸಿಕೊಳ್ಳುತ್ತದೆ.

ಇತಿ ತಮ್ಮ ವಿಶ್ವಾಸಿ,
ಉದ್ಯೋಗ ಮಾರ್ಗದರ್ಶನ ಘಟಕದ ಸಂಚಾಲಕ,
ಚಿತ್ರದುರ್ಗ ಜಿಲ್ಲೆ