ಹೊಲಿಗೆ ಯಂತ್ರ ಬಂತು, ಗಿರಾಕಿ ಎಲ್ಲಿಂದ ಬರಬೇಕು?

ಮಾನ್ಯ ಸಂಪಾದಕರೇ,

ಗೃಹಲಕ್ಷ್ಮಿ ಹಣ ಕೂಡಿಟ್ಟು ಹೊಲಿಗೆ ಯಂತ್ರ ಕೊಂಡ ಹೆಣ್ಣುಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಓದಿದಾಗಲೆಲ್ಲ ಖುಷಿಯಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ನಮ್ಮ ಟೈಲರಿಂಗೂ ಇದೆ. ತರಬೇತಿ ಕೊಡುತ್ತಾರೆ, ಉಪಕರಣಕ್ಕೆ 15,000 ರೂಪಾಯಿವರೆಗೆ ಕೊಡುತ್ತಾರೆ, ಶೇ 5ರ ಬಡ್ಡಿಗೆ ಮೊದಲು 1 ಲಕ್ಷದವರೆಗೆ ಸಾಲವೂ ಸಿಗುತ್ತದೆ. ಎಲ್ಲ ಬೇಕಾದದ್ದೇ. ಆದರೆ ಯಂತ್ರ ಮನೆಗೆ ಬಂದ ಮೇಲೆ ಬ್ಲೌಸ್ ಪೀಸ್ ಹಿಡಿದುಕೊಂಡು ಯಾರು ಬರುತ್ತಾರೆ? ಅದನ್ನು ಹೇಳಿಕೊಡುವವರು ಕಡಿಮೆ. ದಾವಣಗೆರೆಯಲ್ಲಿ ಲೇಡೀಸ್ ಟೈಲರ್ ಅಂಗಡಿ ನಡೆಸುತ್ತಿರುವ ನಾನು ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಕೆಲಸ ಚೆನ್ನಾಗಿದ್ದರೆ ಗಿರಾಕಿ ತಾನಾಗೇ ಬರ್ತಾರೆ ಅನ್ನುತ್ತಾರೆ. ಅರ್ಧ ನಿಜ. ಒಮ್ಮೆ ಬಂದವರು ಮತ್ತೆ ಬರುವುದು ಕೆಲಸ ನೋಡಿ. ಮೊದಲನೇ ಸಲ ಬರಬೇಕಾದರೆ ನಾವು ಇದ್ದೇವೆ ಅಂತ ಅವರಿಗೆ ಗೊತ್ತಾಗಬೇಕಲ್ವಾ? ಬಾಗಿಲಿಗೆ ಬೋರ್ಡು ಹಾಕಿ ಕೂತರೆ ಗೊತ್ತಾಗುವುದು ಆ ಬೀದಿಯವರಿಗೆ ಮಾತ್ರ.

ಆಷಾಢವನ್ನೇ ನೋಡಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಂಗಡಿ ಖಾಲಿ. ಜಾಸ್ತಿ ಜನ ಟೈಲರ್‌ಗಳು ಆ ತಿಂಗಳು ಸುಮ್ನೆ ಕೂರುತ್ತಾರೆ. ಶ್ರಾವಣ ಬಂತೋ, ಪಂಚಮಿ, ವರಮಹಾಲಕ್ಷ್ಮಿ, ಅದರ ಬೆನ್ನಿಗೇ ಗೌರಿ ಹಬ್ಬ, ಎಲ್ಲರೂ ಒಟ್ಟಿಗೆ ಬಟ್ಟೆ ತಂದು ಸುರಿಯುತ್ತಾರೆ, ರಾತ್ರಿಯೆಲ್ಲ ಹೊಲಿದರೂ ಮುಗಿಯುವುದಿಲ್ಲ, ಹೇಳಿದ ದಿನಕ್ಕೆ ಕೊಡಲಾಗದೆ, ಇದ್ದ ಗಿರಾಕಿಯೂ ಮುನಿಸಿಕೊಂಡು ಹೋಗುತ್ತಾರೆ. ನನ್ನ ಪ್ರಕಾರ ಗಿರಾಕಿಯನ್ನು ಹುಡುಕಿಕೊಂಡು ಹೋಗಬೇಕಾದ ತಿಂಗಳು ಆಷಾಢವೇ. ಅಳತೆ ಪುಸ್ತಕ ತೆಗೆದು ಒಂದೊಂದೇ ನಂಬರಿಗೆ ಫೋನ್ ಮಾಡಬೇಕು. "ಅಕ್ಕಾ, ಹಬ್ಬಕ್ಕೆ ಬ್ಲೌಸ್ ಹೊಲಿಸೋದಿದ್ರೆ ಈಗಲೇ ತಂದುಕೊಡ್ರಿ, ಸಮಾಧಾನವಾಗಿ ಹೊಲಿದು ಕೊಡ್ತೀನಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನೆನಪಿಸಿದ್ದು ಒಳ್ಳೆದಾಯ್ತು ಅನ್ನುವವರೇ ಹೆಚ್ಚು.

ಆ ಅಳತೆ ಪುಸ್ತಕವೇ ನಮ್ಮ ಆಸ್ತಿ. ನನ್ನ ಪುಸ್ತಕದ ಒಂದೊಂದು ಪುಟದಲ್ಲೂ ಎದೆ, ಸೊಂಟ, ತೋಳು, ಕತ್ತಿನ ಇಳಿತ ಬರೆದಿರುತ್ತದೆ, ಪಕ್ಕದಲ್ಲಿ ಬಟ್ಟೆಯ ಒಂದು ಚೂರು ಪಿನ್ ಮಾಡಿರುತ್ತದೆ, ಕೆಳಗೆ ಫೋನ್ ನಂಬರು, ಮನೆಯಲ್ಲಿ ಮುಂದೆ ಯಾವ ಕಾರ್ಯ ಇದೆ ಅನ್ನುವುದೂ ಇರುತ್ತದೆ. ಅಳತೆ ತಗೊಳ್ಳುವಾಗ ಮಾತಿಗೆ ಮಾತು ಬರುತ್ತದೆ, ತಂಗಿ ಮದುವೆ, ಮಗಳ ಸೀಮಂತ ಅಂತ ಅವರೇ ಹೇಳುತ್ತಾರೆ. ಬರೆದಿಟ್ಟುಕೊಂಡರೆ ಆಯಿತು. ಆಗಲೇ ನಮ್ಮ ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿಬಿಡಬೇಕು, ಯಾಕೆಂದರೆ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ, ಅಂದರೆ ಒಂದೇ ಸಲಕ್ಕೆ ತುಂಬಾ ಜನರಿಗೆ ಕಳಿಸುವ ಪಟ್ಟಿಯಲ್ಲಿ, ಕಳಿಸಿದ ಮೆಸೇಜು ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಹೊಸ ಡಿಸೈನ್ ಫೋಟೋ ಹಾಕಿ ಯಾರೂ ಉತ್ತರ ಕೊಡಲಿಲ್ಲ ಅಂತ ಎಷ್ಟೋ ಜನ ಬೇಸರ ಮಾಡಿಕೊಳ್ಳುತ್ತಾರೆ. ಫೋಟೋ ಅವರಿಗೆ ತಲುಪಿಯೇ ಇರುವುದಿಲ್ಲ.

ಇನ್ನು ಸೀರೆ ಅಂಗಡಿ. ಸೀರೆ ತಗೊಂಡವರು ಫಾಲು, ಕುಚ್ಚು, ಬ್ಲೌಸ್ ಎಲ್ಲಿ ಹಾಕಿಸೋದು ಅಂತ ಅಲ್ಲೇ ಕೇಳುತ್ತಾರೆ. ದೊಡ್ಡ ಶೋರೂಮಿನವರು ನಮ್ಮನ್ನು ಒಳಗೆ ಬಿಟ್ಟುಕೊಳ್ಳದೇ ಇರಬಹುದು, ಬಡಾವಣೆಯ ಸಣ್ಣ ಸೀರೆ ಅಂಗಡಿಯವರಿಗೆ ನಮ್ಮಂಥವರು ಬೇಕು. ಬರೀ ಕಾರ್ಡ್ ಕೊಟ್ಟು ಬಂದರೆ ಅದು ಗಲ್ಲಾಪೆಟ್ಟಿಗೆ ಕೆಳಗೆ ಸೇರುತ್ತದೆ. ಅಂಗಡಿಯ ಅಕ್ಕನಿಗೇ ಒಂದು ಬ್ಲೌಸ್ ಚೆನ್ನಾಗಿ ಹೊಲಿದು ಕೊಡಿ. ಅವರು ಅದನ್ನು ಹಾಕಿಕೊಂಡು ಅಂಗಡಿಯಲ್ಲಿ ನಿಂತರೆ ಬೇರೆ ಜಾಹೀರಾತು ಬೇಡ.

ಸರ್ಕಾರಿ ಶಾಲೆ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರದ ಬಟ್ಟೆ ಬಂದರೆ ಹೊಲಿಸುವುದು ತಂದೆ ತಾಯಿ. ಹೆಡ್‌ಮಾಸ್ಟರ್ ಒಪ್ಪಿಗೆ ಕೇಳಿ, ಪೋಷಕರ ಸಭೆಯ ದಿನ ಟೇಪು ಹಿಡಿದು ಶಾಲೆಗೇ ಹೋದರೆ ಒಂದು ಮಧ್ಯಾಹ್ನದಲ್ಲಿ ಎಷ್ಟು ಮಕ್ಕಳ ಅಳತೆ ಸಿಗುತ್ತದೆ ಯೋಚಿಸಿ. ಮಕ್ಕಳ ಜೊತೆ ಬಂದ ತಾಯಂದಿರ ಪರಿಚಯವೂ ಆಗುತ್ತದೆ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹೆಸರು ಸೇರಿಸಲು ದುಡ್ಡು ಬೇಕಿಲ್ಲ, ಕನ್ನಡದಲ್ಲೂ ಬರೆಯಬಹುದು, ಮನೆಯ ಓದುವ ಮಕ್ಕಳೇ ಮಾಡಿಕೊಡುತ್ತಾರೆ.

ರೇಟು ಇಳಿಸಿ ಗಿರಾಕಿ ಸೆಳೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಬ್ಬಳು ಇಳಿಸಿದರೆ ಪಕ್ಕದವಳು ಇನ್ನೂ ಇಳಿಸುತ್ತಾಳೆ. ಕಡೆಗೆ ಇಬ್ಬರಿಗೂ ದಾರ, ಲೈನಿಂಗ್, ಹುಕ್ಕಿನ ಖರ್ಚು ಕಳೆದರೆ ಕೂಲಿ ಉಳಿಯುವುದಿಲ್ಲ. ರೇಟು ಸರಿಯಾಗಿ ಹೇಳಿ, ದಿನವನ್ನೂ ಸರಿಯಾಗಿ ಹೇಳಿ. "ನಾಳೆ ಬನ್ನಿ" ಅಂತ ಓಡಾಡಿಸದೆ ಹೇಳಿದ ದಿನ ಕೊಡುವ ಟೈಲರ್‌ಗೆ ಹತ್ತು ರೂಪಾಯಿ ಜಾಸ್ತಿ ಕೊಡಲು ಹೆಂಗಸರು ಹಿಂದೆ ಮುಂದೆ ನೋಡುವುದಿಲ್ಲ.

ತರಬೇತಿ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ವಿಶ್ವಕರ್ಮ ಯೋಜನೆಯಲ್ಲೇ ಮಾರುಕಟ್ಟೆ ನೆರವು ಅನ್ನುವ ಭಾಗ ಇದೆ. ಕಟಿಂಗ್, ಸ್ಟಿಚಿಂಗ್ ಕಲಿಸಿದ ಮೇಲೆ ಒಂದು ದಿನ ಇದಕ್ಕಾಗಿಯೇ ಇಡಿ. ಕಲಿಯಲು ಬಂದವರನ್ನು ಹತ್ತಿರದ ಸೀರೆ ಅಂಗಡಿಗೆ, ಶಾಲೆಗೆ ಕರೆದುಕೊಂಡು ಹೋಗಿ ಮಾತಾಡಿಸಿ. ಮನೆಯಿಂದ ಹೊರಗೆ ನಿಂತು "ನಾನು ಬಟ್ಟೆ ಹೊಲಿಯುತ್ತೇನೆ, ನನಗೆ ಕೊಡಿ" ಅಂತ ಕೇಳಲು ತುಂಬಾ ಹೆಣ್ಣುಮಕ್ಕಳಿಗೆ ಸಂಕೋಚ. ಜೊತೆಗೆ ಯಾರಾದರೂ ಇದ್ದರೆ ಮೊದಲನೇ ಸಲ ಮಾತು ಬರುತ್ತದೆ. ನಮ್ಮೂರಲ್ಲಿ ಯಾರಾದರೂ ಇಂಥ ತರಬೇತಿ ಇಟ್ಟರೆ ಅಂಗಡಿ ಮುಚ್ಚಿ ಬಂದು ಹೇಳಿಕೊಡಲು ನಾನು ತಯಾರಿದ್ದೇನೆ. ಶ್ರಾವಣದಲ್ಲಿ ಆಗುವುದಿಲ್ಲ, ಆಷಾಢದಲ್ಲಿ ಯಾವ ದಿನ ಕರೆದರೂ ಬರುತ್ತೇನೆ.

ಇಂತಿ,
ಒಬ್ಬ ಲೇಡೀಸ್ ಟೈಲರ್, ದಾವಣಗೆರೆ