ಕೈರಾನನನ್ನು ಮರೆತ ಸೆಂಟಾರ್ ಲೇಖನ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಗ್ರೀಕ್ ಪುರಾಣದ, ಸೊಂಟದ ಮೇಲೆ ಮನುಷ್ಯ, ಕೆಳಗೆ ಕುದುರೆಯಾಗಿರುವ ಸೆಂಟಾರ್‌ಗಳ ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಲ್ಯಾಪಿತರೆಂಬ ಜನರ ದೊರೆ ಪಿರಿಥೌಸನ ಮದುವೆಯಲ್ಲಿ ಕುಡಿದು ಮದುಮಗಳನ್ನೇ ಹೊತ್ತೊಯ್ಯಲು ಮುಂದಾದ ಅಶ್ವಮಾನವರ ಕಥೆಯನ್ನೂ, ಆ ಕಾಳಗವನ್ನು ಕೆತ್ತಿರುವ ಪಾರ್ಥೆನಾನ್ ದೇಗುಲದ ಫಲಕಗಳನ್ನೂ ಲೇಖಕರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಇಡೀ ಕುಲವೇ ಮೃಗೀಯತೆಯ ಸಂಕೇತವೆಂದು ತೀರ್ಮಾನಿಸಿ, ಸೆಂಟಾರ್ ಆಗಿಯೂ ಜ್ಞಾನಿಯಾಗಿದ್ದ ಕೈರಾನನ ಹೆಸರನ್ನೇ ಎತ್ತದಿರುವುದು ದೊಡ್ಡ ಲೋಪ.

ಪೀಲಿಯನ್ ಪರ್ವತದ ಗುಹೆಯಲ್ಲಿ ನೆಲೆಸಿದ್ದ ಕೈರಾನ್, ಅಕಿಲೀಸ್ ಮತ್ತು ಜೇಸನ್‌ರಂಥ ವೀರರಿಗೂ ವೈದ್ಯದೇವತೆ ಅಸ್ಕ್ಲೀಪಿಯಸನಿಗೂ ಗುರು. ಸೆಂಟಾರ್‌ಗಳಲ್ಲೇ ಅತ್ಯಂತ ನ್ಯಾಯವಂತ ಎಂದು ಇಲಿಯಡ್ ಅವನನ್ನು ಕರೆಯುತ್ತದೆ. ಉಳಿದವರು ಇಕ್ಸಿಯಾನ್ ಎಂಬ ಮಾನವ ದೊರೆಯ ಸಂತತಿಯಾದರೆ ಈತ ದೇವರಾಜ ಜ್ಯೂಸನ ತಂದೆ ಕ್ರೋನಸನ ಮಗ. ಈ ಭೇದವನ್ನು ಪ್ರಾಚೀನ ಕಲಾವಿದರು ಕಾಲುಗಳಲ್ಲೇ ತೋರಿಸಿದರು. ಕ್ರಿ.ಪೂ. 570ರ ಸುಮಾರಿಗೆ ಕ್ಲೈಟಿಯಾಸ್ ಚಿತ್ರಿಸಿದ, ಈಗ ಫ್ಲಾರೆನ್ಸ್ ನಗರದಲ್ಲಿರುವ ಫ್ರಾನ್ಸ್ವಾ ಪಾತ್ರೆಯ ಮೇಲೆ, ಲ್ಯಾಪಿತರೊಡನೆ ಬಡಿದಾಡುವ ಸೆಂಟಾರ್‌ಗಳಿಗೆ ನಾಲ್ಕೂ ಕುದುರೆಯ ಕಾಲುಗಳಿದ್ದರೆ, ಅಕಿಲೀಸನ ತಂದೆತಾಯಿ ಪೀಲಿಯಸ್–ಥೆಟಿಸರ ಮದುವೆಯ ದಿಬ್ಬಣದಲ್ಲಿ ಬರುವ ಕೈರಾನ್ ಮಾತ್ರ ಮನುಷ್ಯನ ಮುಂಗಾಲುಗಳ ಮೇಲೆ, ಉಡುಪು ಧರಿಸಿ, ಬೇಟೆಯ ಪ್ರಾಣಿಗಳನ್ನು ಕಟ್ಟಿದ ಕೊಂಬೆಯನ್ನು ಹೆಗಲಿಗೇರಿಸಿ ನಿಂತಿದ್ದಾನೆ.

ಇದಕ್ಕೂ ಮುನ್ನೂರಕ್ಕಿಂತ ಹೆಚ್ಚು ವರ್ಷ ಹಿಂದಿನದು, ಯೂಬಿಯಾ ದ್ವೀಪದ ಲೆಫ್ಕಾಂಡಿಯಲ್ಲಿ ಸಿಕ್ಕ ಸುಮಾರು 36 ಸೆಂ.ಮೀ. ಎತ್ತರದ ಸುಟ್ಟ ಮಣ್ಣಿನ ಸೆಂಟಾರ್. ಅದರ ತಲೆ ಒಂದು ಗೋರಿಯಲ್ಲಿ, ಮುಂಡ ಇನ್ನೊಂದರಲ್ಲಿ ದೊರೆತವು. ಅದರ ಮುಂಗಾಲುಗಳಿಗೂ ಮನುಷ್ಯರ ಮಂಡಿಗಳಿವೆ; ಒಂದು ಮಂಡಿಯ ಬಳಿ ಗಾಯದಂತಹ ಸೀಳನ್ನು ಕುಶಲಕರ್ಮಿ ಬೇಕೆಂದೇ ಕೊರೆದಿದ್ದಾನೆ. ಹೆರಾಕ್ಲೀಸನ ಬಾಣ ಆಕಸ್ಮಿಕವಾಗಿ ಕೈರಾನನ ಮಂಡಿಗೆ ನಾಟಿತೆಂಬ ಕಥೆಯನ್ನು ನೆನೆದು ಕೆಲವು ವಿದ್ವಾಂಸರು ಇದು ಅವನೇ ಇರಬಹುದೆನ್ನುತ್ತಾರೆ. ಕಥೆಯ ಲಿಖಿತ ರೂಪ ಬೊಂಬೆಗಿಂತ ಬಹಳ ಈಚಿನದಾದ್ದರಿಂದ ಇದನ್ನು ಊಹೆಯೆಂದೇ ಇಟ್ಟುಕೊಳ್ಳಬೇಕು. ಆದರೂ ನನಗಿದು ಬಹಳ ಸಮಂಜಸವೆನಿಸುತ್ತದೆ.

ಲೇಖನದ ಕೊನೆಯಲ್ಲಿ ನಮ್ಮ ಸೋಂದೆಯ ವಾದಿರಾಜರು ಆರಾಧಿಸಿದ ಹಯಗ್ರೀವನನ್ನೂ ಸೆಂಟಾರ್‌ಗಳ ಸಾಲಿಗೆ ಸೇರಿಸಿರುವುದನ್ನು ಶಿರಸಿಯ ಓದುಗನಾಗಿ ಒಪ್ಪಲಾರೆ. ಹಯಗ್ರೀವನದು ಕುದುರೆಯ ಮುಖ, ಮನುಷ್ಯನ ಒಡಲು. ಸೆಂಟಾರ್‌ನ ರಚನೆ ಇದಕ್ಕೆ ತೀರಾ ವಿರುದ್ಧವಾದದ್ದು. ಹೋಲಿಸಲೇಬೇಕಾಗಿದ್ದರೆ, ಶರೀರವನ್ನು ಬಿಟ್ಟು, ವಿದ್ಯಾಧಿದೇವತೆಯಾದ ಹಯಗ್ರೀವನ ಪಕ್ಕದಲ್ಲಿ ವಿದ್ಯೆ ಕಲಿಸಿದ ಕೈರಾನನನ್ನು ಇಟ್ಟು ನೋಡಬಹುದಿತ್ತು.

ಮುಂದಿನ ಪುರವಣಿಯಲ್ಲಿ ಲೆಫ್ಕಾಂಡಿಯ ಬೊಂಬೆಯ ಚಿತ್ರವನ್ನು, ಮುಂಗಾಲುಗಳು ಸ್ಪಷ್ಟವಾಗಿ ಕಾಣುವಂತೆ, ಒಂದು ಸಣ್ಣ ಟಿಪ್ಪಣಿಯೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಶಿರಸಿ