ಮಗಳಿಗೊಂದು ಪತ್ರ: ಹಾಸಿಗೆಗೆ ಎಷ್ಟು ಹಣ ಹಾಕಬಹುದು?

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ನೀನು ಫೋನಿನಲ್ಲಿ ಎರಡು ಹಾಸಿಗೆಗಳ ವಿಷಯ ತೆಗೆದು, ಒಂದರ ಬೆಲೆ ಇನ್ನೊಂದರ ಮೂರು ಪಟ್ಟು ಇದೆ, ಯಾವುದನ್ನು ಕೊಳ್ಳೋಣ ಎಂದು ಕೇಳಿದಾಗ ನಾನು ‘ನಿಮಗೆ ಯಾವುದು ಸರಿ ಎನಿಸುತ್ತದೋ ಅದನ್ನೇ ಕೊಳ್ಳಿ’ ಎಂದು ಮಾತು ಮುಗಿಸಿಬಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ನಿನ್ನ ಅಮ್ಮ, ‘ಅದೂ ಒಂದು ಉತ್ತರವೇ?’ ಎಂದು ಕೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಹಾಸಿಗೆಯ ವ್ಯವಹಾರದಲ್ಲಿ ಒಮ್ಮೆ ದುಡ್ಡು ಕೊಟ್ಟು ಪೆಟ್ಟು ತಿಂದವನು ನಾನು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಎಷ್ಟು ಖರ್ಚು ಮಾಡಬೇಕು ಎನ್ನುವುದಕ್ಕೆ ಮೊದಲು, ಖರ್ಚು ಮಾಡಲೇಬೇಕೇ ಎಂದು ನೋಡಿಕೊಳ್ಳಬೇಕು. ನಿಮ್ಮ ಹಾಸಿಗೆಯ ಮೇಲಿರುವುದನ್ನೆಲ್ಲ ತೆಗೆದು, ನೇರವಾದ ಒಂದು ಕೋಲನ್ನು ಅಥವಾ ಪೊರಕೆಯ ಹಿಡಿಯನ್ನು ಅಡ್ಡಲಾಗಿ ಇಡು. ನೀವಿಬ್ಬರೂ ದಿನಾ ಮಲಗುವ ಜಾಗದಲ್ಲಿ ಕೋಲಿಗೂ ಹಾಸಿಗೆಗೂ ನಡುವೆ ಎಷ್ಟು ಸಂದು ಉಳಿಯುತ್ತದೆ ಎಂದು ಸ್ಕೇಲ್ ಇಟ್ಟು ಅಳೆ. ಯಾರೂ ಮಲಗದೆ ಇರುವಾಗಲೇ ಎರಡೂವರೆ, ಮೂರು ಸೆಂಟಿಮೀಟರ್ ಕುಳಿ ಕಾಣಿಸಿದರೆ ಆ ಹಾಸಿಗೆಯ ಆಯುಸ್ಸು ಮುಗಿದಿದೆ ಎಂದೇ ತಿಳಿ. ಕುಳಿ ಏನೂ ಇಲ್ಲದೆ ಬೆನ್ನು ಮಾತ್ರ ನೋಯುತ್ತಿದ್ದರೆ ಅನುಮಾನ ಮಂಚದ ಮೇಲೆ ಹೋಗಬೇಕು. ಪ್ಲೈವುಡ್ ನಡುವೆ ಬಗ್ಗಿದ್ದರೂ, ಅಡ್ಡಪಟ್ಟಿಗಳ ನಡುವಿನ ಅಂತರ ಹೆಚ್ಚಾಗಿದ್ದರೂ ಹಾಸಿಗೆ ಅದನ್ನೇ ಅನುಸರಿಸಿ ಬಗ್ಗುತ್ತದೆ. ಅಂಥ ಮಂಚದ ಮೇಲೆ ಹೊಸ ಹಾಸಿಗೆ ಹಾಕುವುದೆಂದರೆ ಸೋರುವ ಕೊಡಕ್ಕೆ ಹೊಸ ನೀರು ತುಂಬಿದ ಹಾಗೆ. ಹಾಸಿಗೆಯನ್ನು ಮೂರು ನಾಲ್ಕು ರಾತ್ರಿ ನೆಲದ ಮೇಲೆ ಹಾಕಿಕೊಂಡು ಮಲಗಿ ನೋಡಿ. ಬೆಳಗಿನ ನೋವು ಅಷ್ಟರಲ್ಲೇ ಇಳಿದರೆ ನಿಮಗೆ ಬೇಕಾಗಿರುವುದು ಬಡಗಿಯೇ ಹೊರತು ಹಾಸಿಗೆಯ ಅಂಗಡಿಯಲ್ಲ.

ಇನ್ನೊಂದು ಗುರುತೂ ಉಂಟು. ಎದ್ದ ಕೂಡಲೇ ಬಿಗಿಯಾಗಿರುವ ಬೆನ್ನು ಅರ್ಧ ಗಂಟೆಯ ಓಡಾಟದಲ್ಲಿ ಸಡಿಲಾಗುವುದಾದರೆ, ಬೇರೆಯವರ ಮನೆಯಲ್ಲಿ ಮಲಗಿ ಎದ್ದ ದಿನ ಆ ತೊಂದರೆಯೇ ಇರುವುದಿಲ್ಲವಾದರೆ, ತಪ್ಪು ಬಹುಮಟ್ಟಿಗೆ ಹಾಸಿಗೆಯದು. ನೋವು ದಿನವಿಡೀ ಇದ್ದರೆ, ಇಲ್ಲವೇ ಕಾಲಿನವರೆಗೆ ಇಳಿಯುತ್ತಿದ್ದರೆ, ಹಾಸಿಗೆಗೆ ಇಟ್ಟ ಹಣದಲ್ಲಿ ಮೊದಲು ವೈದ್ಯರನ್ನು ಕಾಣಿರಿ.

ಈಗ ನನ್ನ ಕಥೆ. ನಿನ್ನ ಅಮ್ಮನಿಗೆ ಸೊಂಟನೋವು ಶುರುವಾದ ವರ್ಷ ನಾನು ಯಾರನ್ನೂ ಕೇಳದೆ, ಅಂಗಡಿಯಲ್ಲಿದ್ದ ಹಾಸಿಗೆಗಳಲ್ಲೆಲ್ಲ ಅತಿ ಗಟ್ಟಿಯಾದ, ಅತಿ ದುಬಾರಿಯಾದ ಒಂದನ್ನು ಹೊರಿಸಿಕೊಂಡು ಬಂದೆ. ಅದರ ಮೇಲೆ ‘ಆರ್ಥೋಪೆಡಿಕ್’ ಎಂದು ದೊಡ್ಡ ಅಕ್ಷರಗಳಲ್ಲಿ ಹೊಲಿದಿತ್ತು. ಗಟ್ಟಿಯಾದಷ್ಟೂ ಬೆನ್ನಿಗೆ ಒಳ್ಳೆಯದು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು, ಹಾಗಾಗಿ ಅನುಮಾನವೇ ಬರಲಿಲ್ಲ. ವಾರದೊಳಗೆ ಅವಳಿಗೆ ಸೊಂಟದ ಜೊತೆ ಭುಜವೂ ನೋಯತೊಡಗಿತು, ಏಕೆಂದರೆ ಅವಳು ಮಲಗುವುದು ಮಗ್ಗುಲಾಗಿ; ಹಲಗೆಯಂಥ ಹಾಸಿಗೆಯಲ್ಲಿ ಭುಜವೂ ಪೃಷ್ಠದ ಮೂಳೆಯೂ ಒಳಗಿಳಿಯಲು ಜಾಗವೇ ಇರಲಿಲ್ಲ. ಅಂಗಡಿಯವರು, ಪ್ಲಾಸ್ಟಿಕ್ ಹೊದಿಕೆ ಹರಿದ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ಅವಳು ಎರಡು ದಪ್ಪ ಕಂಬಳಿಗಳನ್ನು ಮಡಚಿ ತನ್ನ ಭಾಗಕ್ಕೆ ಹಾಸಿಕೊಂಡು ನಾಲ್ಕು ವರ್ಷ ಕಳೆದಳು. ನಾನು ಅಷ್ಟು ಹಣ ಸುರಿದು ತಂದ ಹಾಸಿಗೆಯಲ್ಲಿ ಅವಳಿಗೆ ನಿದ್ದೆ ಕೊಟ್ಟದ್ದು ಆ ಕಂಬಳಿಗಳು.

ಆಮೇಲೆ ತಿಳಿದುಬಂದ ಸಂಗತಿಯೆಂದರೆ, ‘ಆರ್ಥೋಪೆಡಿಕ್’ ಎಂದು ಹಾಸಿಗೆಯ ಮೇಲೆ ಬರೆಯುವುದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲೇನೂ ಇಲ್ಲ. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನಿನ ಒಂದು ಅಧ್ಯಯನ ಪ್ರಕಟವಾಯಿತು. ಬಹುಕಾಲದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆಯನ್ನೂ ಉಳಿದವರಿಗೆ ಮಧ್ಯಮ ಗಟ್ಟಿತನದ ಹಾಸಿಗೆಯನ್ನೂ ಕೊಟ್ಟು 90 ದಿನ ಗಮನಿಸಿದಾಗ, ಮಧ್ಯಮದ್ದರಲ್ಲಿ ಮಲಗಿದವರಿಗೇ ಹೆಚ್ಚು ಗುಣ ಕಂಡಿತು. ಗಟ್ಟಿ ಹಾಸಿಗೆಯವರಿಗೆ ಏನೂ ಗುಣವಾಗಲಿಲ್ಲ ಎಂದಲ್ಲ, ಆದರೆ ಗಟ್ಟಿತನಕ್ಕೆ ಹೆಚ್ಚು ಹಣ ಕೊಡಬೇಕಾದ ಕಾರಣ ಅಲ್ಲಿ ಸಿಗಲಿಲ್ಲ.

ಅಂಗಡಿಯಲ್ಲಿ ನಿಮ್ಮ ಮುಂದೆ ಒಂದು ಲೆಕ್ಕ ಇಡುತ್ತಾರೆ, ಅದಕ್ಕೆ ಸಿದ್ಧರಾಗಿರಿ. ಹತ್ತು ವರ್ಷಕ್ಕೆ 3,650 ರಾತ್ರಿ, ಬೆಲೆಯನ್ನು ಅದರಿಂದ ಭಾಗಿಸಿದರೆ ರಾತ್ರಿಗೆ ಇಷ್ಟೇ ಇಷ್ಟು, ನಿಮ್ಮ ಆರೋಗ್ಯಕ್ಕಿಂತ ಅದು ಹೆಚ್ಚೇ ಎಂದು ಕೇಳುತ್ತಾರೆ. ಲೆಕ್ಕ ತಪ್ಪಲ್ಲ, ಆದರೆ 3,650ರಿಂದ ಭಾಗಿಸಿದರೆ ಜಗತ್ತಿನಲ್ಲಿ ದುಬಾರಿ ಎನ್ನಿಸುವ ವಸ್ತುವೇ ಉಳಿಯುವುದಿಲ್ಲ. ಆ ಹತ್ತು ವರ್ಷ ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅದೇ ಭಾಗಾಕಾರವನ್ನು ಎರಡು ಹಾಸಿಗೆಗಳನ್ನು ಹೋಲಿಸಲು ಬಳಸಿದರೆ ಉಪಯೋಗವಿದೆ. ಅಗ್ಗದ್ದು ಐದು ವರ್ಷ, ದುಬಾರಿಯದು ಎಂಟು ವರ್ಷ ಬಾಳುತ್ತದೆ ಎಂದುಕೊಂಡರೆ, ಬಾಳಿಕೆಯ ದೃಷ್ಟಿಯಿಂದ ದುಬಾರಿಯದಕ್ಕೆ 1.6 ಪಟ್ಟು ಕೊಡಬಹುದು. ಅದಕ್ಕಿಂತ ಮೇಲೆ ಕೊಡುವುದೆಲ್ಲ ಸುಖಕ್ಕಾಗಿ ಕೊಡುವ ಹಣ, ಮತ್ತು ಆ ಸುಖವನ್ನು ನಿಮ್ಮ ಮೈ ಗುರುತಿಸಬೇಕು. ನೀನು ಹೇಳಿದ ಮೂರು ಪಟ್ಟಿಗೆ ಈ ಲೆಕ್ಕದಲ್ಲಿ ನನಗೆ ಸಮರ್ಥನೆ ಕಾಣುತ್ತಿಲ್ಲ.

ಹಣ ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೊಂಡರೆ ಎಲ್ಲಿಗೆ ಹೋಗಬಾರದು ಎಂಬುದೂ ತಿಳಿಯುತ್ತದೆ. ಫೋಮ್ ಹಾಸಿಗೆಯಲ್ಲಿ ಬಾಳಿಕೆಯನ್ನು ನಿರ್ಧರಿಸುವುದು ಸಾಂದ್ರತೆ, ಅಂದರೆ ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬುದು; ಅಂಗಡಿಯವರು ‘ಡೆನ್ಸಿಟಿ’ ಎನ್ನುತ್ತಾರೆ. ಇದಕ್ಕೂ ಗಟ್ಟಿತನಕ್ಕೂ ಸಂಬಂಧವಿಲ್ಲ ಎನ್ನುವುದನ್ನು ಚೆನ್ನಾಗಿ ನೆನಪಿಡು, ಏಕೆಂದರೆ ಬಹಳ ಜನ ಎಡವುವುದು ಇಲ್ಲೇ. ಕಡಿಮೆ ಸಾಂದ್ರತೆಯ ಫೋಮನ್ನೂ ಗಟ್ಟಿಯಾಗಿ ತಯಾರಿಸಬಹುದು. ಕೈಯಿಂದ ಒತ್ತಿದಾಗ ಅದು ಭದ್ರವಾಗಿಯೇ ಕಾಣುತ್ತದೆ, ಆದರೆ ಒಂದೆರಡು ವರ್ಷದಲ್ಲಿ ಸೊಂಟದ ಕೆಳಗೆ ಬಾವಿ ತೋಡುತ್ತದೆ. ಸಾಂದ್ರತೆ 24ರ ಆಸುಪಾಸಿನಲ್ಲಿದ್ದರೆ ಅಪರೂಪಕ್ಕೆ ಬರುವ ನೆಂಟರ ಕೋಣೆಗೆ ಸಾಕು. ದಿನಾ ಮಲಗುವುದಕ್ಕೆ 32ಕ್ಕಿಂತ ಕಡಿಮೆ ಇರುವುದನ್ನು ನಾನಾದರೆ ಕೊಳ್ಳುವುದಿಲ್ಲ. ಮಾರುವವರು ಹೇಳಿದ ಅಂಕಿಯನ್ನು ತಕ್ಕಡಿಯಲ್ಲಿ ಪರೀಕ್ಷಿಸಬಹುದು ಎನ್ನುವುದು ನನಗೆ ತಡವಾಗಿ ಹೊಳೆಯಿತು. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಫೋಮ್ 0.45 ಘನ ಮೀಟರ್ ಆಗುತ್ತದೆ. ಸಾಂದ್ರತೆ 32 ಇದ್ದರೆ ಅದು 14.4 ಕಿಲೋ ತೂಗಬೇಕು, 40 ಇದ್ದರೆ 18 ಕಿಲೋ. ಮೇಲಿನ ಬಟ್ಟೆಯ ತೂಕ ಬೇರೆ. ಹತ್ತು ಹನ್ನೊಂದು ಕಿಲೋದ ಹಾಸಿಗೆಗೆ 40ರ ಸಾಂದ್ರತೆ ಎಂದು ಯಾರಾದರೂ ಹೇಳಿದರೆ ನೀವು ನಗುತ್ತಾ ಹೊರಗೆ ಬರಬಹುದು.

ಮೆಮೊರಿ ಫೋಮ್ ಮೈಯ ಶಾಖಕ್ಕೆ ಮೆತ್ತಗಾಗಿ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಅದನ್ನು 1966ರಲ್ಲಿ ನಾಸಾದ ಕೆಲಸಕ್ಕಾಗಿ, ವಿಮಾನದ ಆಸನಗಳನ್ನು ಸುರಕ್ಷಿತಗೊಳಿಸಲು ರೂಪಿಸಿದ್ದು ನಿಜ. ಹಾಗೆಂದು ಜಾಹೀರಾತಿನ ಗಗನಯಾತ್ರಿಯ ಚಿತ್ರಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ. ಸೆಕೆಯಲ್ಲಿ ಅದು ಬೆಚ್ಚಗಾಗುತ್ತದೆ, ಮಗ್ಗುಲು ಬದಲಿಸುವಾಗ ಸ್ವಲ್ಪ ಹಿಡಿದಂತಾಗುತ್ತದೆ. ರಾತ್ರಿ ಹತ್ತು ಸಲ ಹೊರಳುವ ನಿನಗೆ ಅದು ಒಗ್ಗೀತೆಂದು ನನಗೆ ಅನ್ನಿಸುವುದಿಲ್ಲ. ರಬ್ಬರ್ ಮರದ ಹಾಲಿನಿಂದ ಮಾಡುವ ಲ್ಯಾಟೆಕ್ಸ್ ಹಾಸಿಗೆ ಪುಟಿಯುವ ಗುಣದ್ದು, ಭಾರವಾದದ್ದು, ಬಹಳ ಕಾಲ ಬಾಳುವಂಥದ್ದು, ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ. ಅದಕ್ಕೆ ಹಣ ಕೊಡುವುದಾದರೆ ಪೂರ್ತಿ ಲ್ಯಾಟೆಕ್ಸೇ, ಅಥವಾ ಫೋಮಿನ ಮೇಲೆ ಎರಡು ಬೆರಳು ದಪ್ಪದ ಪದರ ಮಾತ್ರವೇ ಎಂದು ಕೇಳಿ ಬರೆಸಿಕೊಳ್ಳಿ. ಹೆಸರು ಎರಡಕ್ಕೂ ಒಂದೇ ಇರುತ್ತದೆ.

ಸ್ಪ್ರಿಂಗ್ ಹಾಸಿಗೆಗಳಲ್ಲಿ ಎರಡು ಬಗೆ. ಹಳೆಯ ಬಗೆಯದರಲ್ಲಿ ಸ್ಪ್ರಿಂಗುಗಳನ್ನು ಒಂದಕ್ಕೊಂದು ತಂತಿಯಿಂದ ಹೆಣೆದಿರುತ್ತಾರೆ, ಆದ್ದರಿಂದ ಒಬ್ಬರು ಹೊರಳಿದರೆ ಇನ್ನೊಬ್ಬರೂ ತೂಗುತ್ತಾರೆ. ಪಾಕೆಟ್ ಸ್ಪ್ರಿಂಗಿನಲ್ಲಿ ಪ್ರತಿಯೊಂದೂ ತನ್ನದೇ ಬಟ್ಟೆಯ ಚೀಲದಲ್ಲಿದ್ದು ಬೇರೆಬೇರೆಯಾಗಿ ಕುಗ್ಗುತ್ತದೆ. ಅಳಿಯಂದಿರು ನಿನಗಿಂತ ಎತ್ತರ, ತೂಕವೂ ಹೆಚ್ಚು. ನೀವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ ಈ ವ್ಯತ್ಯಾಸಕ್ಕೆ ಕೊಡುವ ಹಣ ಸಾರ್ಥಕ. ಸ್ಪ್ರಿಂಗುಗಳ ಸಂಖ್ಯೆಯನ್ನು ಒಂದೇ ಅಳತೆಯ ಹಾಸಿಗೆಗಳ ನಡುವೆ ಮಾತ್ರ ಹೋಲಿಸಬೇಕು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ನಗಬೇಡ: ಗಟ್ಟಿತನ ಬೇರೆಬೇರೆಯಾದ ಎರಡು ಒಂಟಿ ಹಾಸಿಗೆಗಳನ್ನು ಒಂದೇ ಮಂಚದ ಮೇಲೆ ಜೋಡಿಸಿ, ಮೇಲೆ ಒಂದೇ ದೊಡ್ಡ ಹೊದಿಕೆ ಹಾಕಿದರೆ ನಿಮ್ಮಿಬ್ಬರ ಬೆನ್ನಿಗೂ ನ್ಯಾಯ ಸಿಗುತ್ತದೆ. ಮನೆ ಬದಲಿಸುವಾಗ ಮೆಟ್ಟಿಲಲ್ಲಿ ಹೊರುವುದೂ ಸುಲಭ.

ಮೇಲ್ಬಟ್ಟೆಯ ಕಸೂತಿ, ತಂಪು ಜೆಲ್, ಬಿದಿರಿನ ನೂಲು, ಮೈಯ ಒಂದೊಂದು ಭಾಗಕ್ಕೆ ಒಂದೊಂದು ಗಟ್ಟಿತನ ಎನ್ನುವ ಎಷ್ಟೆಷ್ಟೋ ‘ಝೋನ್’ಗಳು, ಇವುಗಳಿಗೆ ಹಣ ಕೊಡಬೇಡಿ. ಬೆಡ್‌ಶೀಟ್ ಹಾಕಿದ ಮೇಲೆ ಬಟ್ಟೆ ಕಾಣುವುದಿಲ್ಲ. ದುಬಾರಿಯದು 30 ಸೆಂಟಿಮೀಟರ್ ದಪ್ಪ ಎಂದೆಯಲ್ಲ, ನಿಮ್ಮ ಮಂಚದ ಮೇಲೆ ಅದನ್ನು ಇಟ್ಟು ಅಂಚಿನಲ್ಲಿ ಕುಳಿತರೆ ನಿನ್ನ ಪಾದ ನೆಲ ಮುಟ್ಟುತ್ತದೆಯೇ? ಈಗಿರುವ ಬೆಡ್‌ಶೀಟ್‌ಗಳ ಅಂಚು ಅದರ ಕೆಳಗೆ ಸಿಕ್ಕಿಸಲು ಸಾಲುತ್ತದೆಯೇ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬೇರೆ ಅರ್ಥದಲ್ಲಿ ಕೇಳಿರುತ್ತೀಯ, ಕೊಳ್ಳುವಾಗ ಅಕ್ಷರಶಃ ತಿರುಗಿಸಿಕೊ: ಅಳಿಯಂದಿರ ಎತ್ತರಕ್ಕಿಂತ ಹಾಸಿಗೆ 15 ಸೆಂಟಿಮೀಟರ್ ಆದರೂ ಉದ್ದವಿರಲಿ.

ವಾರಂಟಿಯ ವರ್ಷಗಳನ್ನು ಹಾಸಿಗೆಯ ಆಯುಸ್ಸು ಎಂದು ತಿಳಿಯಬಾರದು. ಭಾರವಿಲ್ಲದಿರುವಾಗ ಇಂತಿಷ್ಟು ಆಳ, ಎಷ್ಟೋ ಕಡೆ 25 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು, ಕುಸಿದಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ಮೆತ್ತಗಾಯಿತು, ನಿದ್ದೆ ಬರುತ್ತಿಲ್ಲ ಎಂಬ ದೂರಿಗೆ ಅದರಲ್ಲಿ ಜಾಗವಿಲ್ಲ. ಒಂದು ಕಲೆ ಬಿದ್ದಿದ್ದರೂ ಅರ್ಜಿ ತಳ್ಳಿಹಾಕಲು ಅವರಿಗೆ ಅದು ಸಾಕು. ಅದಕ್ಕಿಂತ ಮನೆಯಲ್ಲಿ ಕೆಲವು ವಾರ ಮಲಗಿ ನೋಡಿ ಬೇಡವೆಂದರೆ ಹಿಂದಿರುಗಿಸುವ ಅವಕಾಶಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಸಾಗಣೆಯ ಖರ್ಚು ಯಾರದು, ಹಣ ಪೂರ್ತಿ ವಾಪಸ್ ಬರುತ್ತದೆಯೇ ಎಂದು ಮೊದಲೇ ಬರಹದಲ್ಲಿ ಪಡೆದಿದ್ದರೆ. ನಮಗೆ ಆ ಅವಕಾಶ ಇದ್ದಿದ್ದರೆ ನಿನ್ನ ಅಮ್ಮನಿಗೆ ಕಂಬಳಿ ಮಡಚುವ ಕೆಲಸ ಇರುತ್ತಿರಲಿಲ್ಲ.

ಅಂಗಡಿಗೆ ಹೋದಾಗ ನಿಮ್ಮ ದಿಂಬುಗಳನ್ನು ಜೊತೆಗೆ ಒಯ್ಯಿರಿ. ಸಂಕೋಚಪಡದೆ ಮಲಗಿ, ಹದಿನೈದು ನಿಮಿಷ, ನೀವು ನಿದ್ದೆಮಾಡುವ ಭಂಗಿಯಲ್ಲೇ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ತೂರಿಸಿ ನೋಡು: ಸಲೀಸಾಗಿ ಆಚೆ ಈಚೆ ಓಡಾಡಿದರೆ ಹಾಸಿಗೆ ನಿನಗೆ ಅತಿ ಗಟ್ಟಿ, ತೂರಲೇ ಆಗದಿದ್ದರೆ ಅತಿ ಮೆತ್ತಗೆ. ಮಗ್ಗುಲಾದಾಗ ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನುಮೂಳೆ ನೇರವಾಗಿದೆಯೇ ಎಂದು ಅಳಿಯಂದಿರು ಹಿಂದೆ ನಿಂತು ನೋಡಲಿ. ಆಮೇಲೆ ಅವರನ್ನು ಮಲಗಿಸಿ ನೀನು ನೋಡು. ಈ ಪರೀಕ್ಷೆ ಮುಗಿಯುವವರೆಗೆ ಬೆಲೆ ಕೇಳಬೇಡಿ. ದುಬಾರಿ ಎಂದು ತಿಳಿದ ಮೇಲೆ ಮೈಗೂ ಅದೇ ಹಿತವೆನಿಸುತ್ತದೆ, ನನಗೆ ಹಾಗೆಯೇ ಆಯಿತು.

ಇನ್ನು ನಿನ್ನ ಪ್ರಶ್ನೆಗೆ ನೇರ ಉತ್ತರ. ಆಪತ್ತಿಗೆಂದು ಎತ್ತಿಟ್ಟ ಹಣವನ್ನು ಮುಟ್ಟದೆ, ಕಂತಿನ ಸಾಲ ಮಾಡದೆ, ಕೈಯಲ್ಲಿರುವ ಉಳಿತಾಯದಿಂದ ಕೊಡಬಹುದಾದ ಮೊತ್ತವನ್ನು ಇಬ್ಬರೂ ಕೂತು ಕಾಗದದ ಮೇಲೆ ಬರೆಯಿರಿ. ಅದರಲ್ಲಿ ಹತ್ತನೇ ಒಂದು ಪಾಲನ್ನು ನೀರಿಳಿಯದ ಮೇಲುಹೊದಿಕೆಗೂ ಒಳ್ಳೆಯ ದಿಂಬಿಗೂ ಎತ್ತಿಡಿ. ಉಳಿದದ್ದೇ ಹಾಸಿಗೆಯ ಗಡಿ, ರಿಯಾಯಿತಿ ಎಷ್ಟೇ ದೊಡ್ಡದಿರಲಿ ಅದನ್ನು ದಾಟಬೇಡಿ; ಯಾವ ಬೆಲೆಯಿಂದ ಇಳಿಸಿದರು ಎಂಬುದನ್ನು ಬರೆದವರೂ ಅವರೇ ಅಲ್ಲವೇ. ಎರಡು ವರ್ಷದಲ್ಲಿ ಮನೆ ಬದಲಿಸುವ ಯೋಚನೆ ಇನ್ನೂ ಇದ್ದರೆ ಗಡಿಯನ್ನು ಇನ್ನಷ್ಟು ಕೆಳಗಿಳಿಸಿ, ಏಕೆಂದರೆ ಹೊಸ ಕೋಣೆಗೆ ಈ ಅಳತೆ ಹೊಂದದೆ ಹೋಗಬಹುದು. ನೀನು ಹೇಳಿದ ಎರಡರಲ್ಲಿ ಅಗ್ಗದ್ದು 32ರ ಮೇಲಿನ ಸಾಂದ್ರತೆಯದಾಗಿದ್ದು, ಇಬ್ಬರ ಬೆನ್ನಿಗೂ ಒಪ್ಪಿದರೆ ಅದೇ ಸಾಕು. ಒಪ್ಪದಿದ್ದರೆ ನೇರವಾಗಿ ಮೂರು ಪಟ್ಟಿಗೆ ಹಾರದೆ ನಡುವಿನ ಬೆಲೆಯಲ್ಲಿ ಪಾಕೆಟ್ ಸ್ಪ್ರಿಂಗಿನದೊಂದನ್ನು ಹುಡುಕಿ.

ಕೊಳ್ಳಲು ಅವಸರ ಬೇಡ. ಮೊದಲು ಕೋಲಿಟ್ಟು ಅಳೆದು, ಕುಳಿ ಎಷ್ಟು ಮಿಲಿಮೀಟರ್ ಬಂತೆಂದು ನನಗೆ ತಿಳಿಸು. ಹಳೆಯದನ್ನು ಏನು ಮಾಡುತ್ತೀರಿ ಎಂದು ನಿನ್ನ ಅಮ್ಮ ಕೇಳುತ್ತಿದ್ದಾಳೆ. ಕುಳಿ ಇಲ್ಲದ ಕಾಲಿನ ಭಾಗವನ್ನು ಕತ್ತರಿಸಿ ಎರಡು ಕೂರುವ ಮೆತ್ತೆ ಮಾಡಬಹುದಂತೆ, ಅದು ಫೋಮಿನದೇ ಆಗಿದ್ದರೆ.

ಇಂತಿ ನಿನ್ನ
ಅಪ್ಪ